ಫಟಫಟಿಯ ಬಾಯಿ ಮುಚ್ಚಿಸಿದ್ದು

ನಮ್ಮ ಮನೆಯವರು ಕೆಲಸ ಮುಗಿಸಿ ಮನೆಗೆ ಬರುವುದು ನನಗಿಂತ ಮೊದಲು ಇಡೀ ಇಚಲಕರಂಜಿ ಊರಿಗೇ ಗೊತ್ತಾಗುತ್ತಿತ್ತು. ಅವರ ಫಟಫಟಿ ದೊಡ್ಡ ರಸ್ತೆ ಬಿಟ್ಟು ನಮ್ಮ ಗಲ್ಲಿಗೆ ತಿರುಗುವ ಮೊದಲೇ ಎದುರು ಮನೆಯ ನಾಯಿ ಕಟ್ಟೆಯ ಕೆಳಗೆ ನುಸುಳುತ್ತಿತ್ತು. ಪಕ್ಕದ ಮನೆಯ ಮಾವಶಿ ಹೊರಸಿನ ಮೇಲೆ ಒಣಹಾಕಿದ ಶಾವಿಗೆಗೆ ಅಡ್ಡ ನಿಲ್ಲುತ್ತಿದ್ದಳು. ಆ ಸದ್ದಿಗೆ ಶಾವಿಗೆ ಮುರಿಯುತ್ತದೆ ಎಂದು ಅವಳ ವಾದ. ಮತ್ತು ನನ್ನ ಮಗಳು, ಇನ್ನೂ ಮೂರು ತುಂಬದ ಕೂಸು, ಆಡುತ್ತಿದ್ದುದನ್ನು ಅಲ್ಲೇ ಬಿಟ್ಟು ಬೀದಿ ಬಾಗಿಲಿಗೆ ಹೋಗಿ ನಿಂತಿರುತ್ತಿದ್ದಳು.

ನಾಯಿಯೂ ಶಾವಿಗೆಯೂ ಹಾಳಾಗಿ ಹೋಗಲಿ, ನನಗೆ ಬೇಕಾಗಿದ್ದದ್ದು ಆ ಕೂಸು ಬಾಗಿಲಿಗೆ ಹೋಗುವುದು. ಅವಳಿಗೆ ಕಿವಿ ಕೇಳುತ್ತದೆ ಎನ್ನಲು ನನ್ನ ಹತ್ತಿರ ಇದ್ದ ಸಾಕ್ಷಿ ಅದೊಂದೇ ಆಗಿತ್ತು.

ಗಾಡಿಯ ಕತೆಯನ್ನು ಮೊದಲು ಹೇಳುತ್ತೇನೆ. ಅದು ಮಿಲಿಟರಿ ಹರಾಜಿನಲ್ಲಿ ಯಾರೋ ಹಿಡಿದು, ಯಾರಿಗೋ ಮಾರಿ, ಕೊನೆಗೆ ನಮ್ಮವರ ಕೈಗೆ ಬಿದ್ದ ಮುದಿ ಮೋಟಾರ್ ಸೈಕಲ್ಲು. ಇವರು ಜಾಬರ್, ಅಂದರೆ ಕೆಟ್ಟ ಮಗ್ಗ ಸರಿಮಾಡುವವರು. ಒಂದು ಕಾರಖಾನೆಯಿಂದ ಇನ್ನೊಂದಕ್ಕೆ ಓಡಾಡಲು ಗಾಡಿ ಬೇಕೇ ಬೇಕಿತ್ತು. ಅದರ ಹುಟ್ಟಿನ ಸೈಲೆನ್ಸರ್ ತುಕ್ಕು ಹಿಡಿದು ದಾರಿಯಲ್ಲೇ ಉದುರಿದ ಮೇಲೆ ಕೊಲ್ಲಾಪುರಕ್ಕೆ ಹೋಗಿ ಒಬ್ಬ ಮಿಸ್ತ್ರಿಯಿಂದ ಹೊಸದು ಮಾಡಿಸಿಕೊಂಡು ಬಂದರು. ಸೈಲೆನ್ಸರ್ ಇರುವುದು ಸದ್ದು ಅಡಗಿಸಲು ಎಂದು ಬೇರೆ ಊರಿನವರು ತಿಳಿದಿದ್ದಾರು. ಅರವತ್ತರ ದಶಕದ ಕೊಲ್ಲಾಪುರದಲ್ಲಿ ಹಾಗೆ ತಿಳಿದವರನ್ನು ನಾನು ಕಾಣೆ. ಒಳಗೆ ಏನೆಂದರೆ ಏನೂ ಇಲ್ಲ, ಹಿಂದಕ್ಕೆ ಹೋಗುತ್ತ ಕಹಳೆಯ ಹಾಗೆ ಅಗಲವಾದ ಒಂದು ನಳಿಗೆ. ಆ ಊರಿನ ಪೈಲ್ವಾನರು ತೊಡೆ ತಟ್ಟಿದರೆ ಎಷ್ಟು ಹೆಮ್ಮೆಯೋ, ಈ ನಳಿಗೆ ಗುಡುಗಿದರೆ ಮಿಸ್ತ್ರಿಗೂ ಅಷ್ಟೇ ಹೆಮ್ಮೆ.

"ಇಡೀ ಓಣಿ ಎದ್ದು ಕುಂದರತೈತಿ. ನಿಮಗ ನಾಚಿಕಿ ಇಲ್ಲೇನ್ರಿ?" ಎಂದು ಮೊದಲ ದಿನವೇ ಕೇಳಿದ್ದೆ.

"ಗಾಡಿ ಚಾಲೂ ಐತೋ ಬಂದ್ ಐತೋ ನನಗ ತಿಳೀಬೇಕಲ್ಲ!" ಎಂದಿದ್ದರು.

ಅದೂ ನಿಜವೇ. ಎಳೆಯ ವಯಸ್ಸಿನಿಂದ ಮಗ್ಗಗಳ ನಡುವೆ ನಿಂತು ಇವರ ಕಿವಿ ಅರ್ಧ ಹೋಗಿತ್ತು. ಪಡಸಾಲೆಯಲ್ಲಿ ಕೂತವರಿಗೆ ಊಟಕ್ಕೆ ಬನ್ನಿ ಎಂದು ನಾನು ಒಳಗಿನಿಂದ ಕೂಗಿ ಕೂಗಿ, ಕಡೆಗೆ "ಕಿವುಡನ ಮುಂದೆ ಕಿನ್ನರಿ ಬಾರಿಸಿದಂಗಾತು" ಎಂದು ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬರುತ್ತಿದ್ದೆ. ಆ ಗಾದೆಯನ್ನು ದಿನಕ್ಕೊಮ್ಮೆಯಾದರೂ ಎಸೆಯುತ್ತಿದ್ದೆ. ಅವರು ನಗುತ್ತಿದ್ದರು.

ಇಚಲಕರಂಜಿಯಲ್ಲಿ ಅದೊಂದು ಕೊರತೆಯೇ ಅಲ್ಲ. ಮಗ್ಗಗಳು ಬಡಿಯುವಲ್ಲಿ ಬ್ರಹ್ಮನ ಮಾತೂ ಕೇಳಿಸುವುದಿಲ್ಲ. ಮದುವೆಯ ಹೊಸತರಲ್ಲಿ ನಾನೂ ಕಾರಖಾನೆಗೆ ಕಂಡಿಕೆ ಸುತ್ತಲು, ಅಂದರೆ ಸಣ್ಣ ಕೊಳವೆಗಳಿಗೆ ನೂಲು ಸುತ್ತಲು, ಹೋಗುತ್ತಿದ್ದೆ. ಅಲ್ಲಿ ಮಾತೆಲ್ಲ ಕೈಯಲ್ಲಿ, ತುಟಿಯಲ್ಲಿ. ಮುಷ್ಟಿ ಕಟ್ಟಿ ಗಾಳಿಯಲ್ಲಿ ಗರಗರ ತಿರುಗಿಸಿದರೆ ‘ಚಾಲೂ’. ಅಂಗೈ ಚಪ್ಪಟೆ ಮಾಡಿ ಕೆಳಕ್ಕೆ ಒತ್ತಿದರೆ ‘ಬಂದ್’. ಎರಡು ಬೆರಳು ತುಟಿಗೆ ತಂದರೆ ಚಹಾ. ಇಲ್ಲದ ಮೀಸೆ ತಿರುವಿದರೆ ಮಾಲೀಕ ಬಂದ, ಹುಷಾರು. ಈ ಮಾತು ಕಾರಖಾನೆಯಲ್ಲೇ ಉಳಿಯದೆ ಮನೆಗೂ ಬರುತ್ತದೆ. ಒಂದು ಸೊಲ್ಲೂ ಎತ್ತದೆ ಮನಸಾರೆ ಜಗಳವಾಡುವ ಗಂಡಹೆಂಡತಿಯರು ಬೇಕಾದರೆ ನಮ್ಮ ಓಣಿಗೆ ಬರಬೇಕು.

ಇಂಥ ಮನೆಯಲ್ಲಿ ಹುಟ್ಟಿದ ಕೂಸು ನಮ್ಮದು. ಕೈ ಬೀಸಿದರೆ ಬರುತ್ತಿದ್ದಳು, ಬೆರಳು ಕೂಡಿಸಿ ಬಾಯಿಗೆ ತೋರಿಸಿದರೆ ಊಟಕ್ಕೆ ಕೂರುತ್ತಿದ್ದಳು, ಕಣ್ಣು ಬಿಟ್ಟರೆ ಹೆದರುತ್ತಿದ್ದಳು. ಮಾತು ಬಂದಿರಲಿಲ್ಲ, ನಿಜ. "ಅವರಪ್ಪನೂ ತಡಾನ ಮಾತಾಡ್ಯಾನಂತ" ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಎಂಥ ಗದ್ದಲದಲ್ಲೂ ಬೆಚ್ಚದೆ ಮಲಗುತ್ತಿದ್ದುದಕ್ಕೆ ಓಣಿಯವರೆಲ್ಲ "ಮಗ್ಗದ ಕೂಸು" ಎಂದು ಗಲ್ಲ ಹಿಂಡುತ್ತಿದ್ದರು. ನಾನು ಹಿಗ್ಗುತ್ತಿದ್ದೆ.

ಮಳೆಗಾಲ ಮುಗಿದ ಒಂದು ದಿನ ಅತ್ತೆಯ ಊರಿಗೆ ಹೊರಟೆವು. ಗಡಹಿಂಗ್ಲಜ ದಾಟಿ ನೂಲ ಎಂಬ ಊರಿನ ದಾರಿ ಹಿಡಿದರೆ ಸಿಗುವ ಸಣ್ಣ ಹಳ್ಳಿ. ಅವರದು ಕುರಿ ಕಾಯುವ ಮನೆತನ; ಇವರೊಬ್ಬರೇ ಮಗ್ಗದ ಊರಿಗೆ ಬಂದವರು. ಕೂಸನ್ನು ಮುಂದೆ ಪೆಟ್ರೋಲ್ ಟಾಕಿಯ ಮೇಲೆ ಕೂರಿಸಿಕೊಂಡು, ನನ್ನನ್ನು ಹಿಂದೆ ಹಾಕಿಕೊಂಡು, ದಾರಿಯುದ್ದಕ್ಕೂ ಎತ್ತುಗಳನ್ನು ಬೆದರಿಸುತ್ತ ಹೋದರು. ಊರು ಇನ್ನೇನು ಬಂತು ಎನ್ನುವಲ್ಲಿ ಒಂದು ದಿಬ್ಬ. ಹತ್ತಿ ಇಳಿದರೆ ಎದುರಿಗೆ ನಮ್ಮದೇ ಕುರಿಹಿಂಡು, ಹಟ್ಟಿಗೆ ಮರಳುತ್ತಿತ್ತು.

ಆ ಸದ್ದಿಗೆ ಹಿಂಡು ಚೆಲ್ಲಾಪಿಲ್ಲಿಯಾಯಿತು. ಮುಂದಿನ ಟಗರು ಜೋಳದ ಹೊಲಕ್ಕೆ ನುಗ್ಗಿದರೆ ಹಿಂದಿನವೆಲ್ಲ ಅದರ ಬೆನ್ನಿಗೆ. ಒಂದು ಗಬ್ಬದ ಕುರಿ ಒಡ್ಡು ಹಾರಲು ಹೋಗಿ ಕೆಳಗೆ ಬಿತ್ತು. ನನ್ನ ಮೈದುನ ಕೋಲು ಎತ್ತಿ ಅಣ್ಣನನ್ನೇ ಹೊಡೆಯುವಂತೆ ಓಡಿ ಬಂದ. "ಕುರಿ ಕಂದು ಹಾಕಿದ್ರ ನೀ ಈದು ಕೊಡ್ತೀಯೇನು?" ಎಂದು ಕಿರುಚಿದ. ನಾಯಿಗಳು ಗಾಡಿಯ ಸುತ್ತ ಬೊಗಳಿದವು. ಹಿಂಡಿನ ಹಿಂದೆಯೇ ಬರುತ್ತಿದ್ದ ಅತ್ತೆ ಬಿದ್ದ ಕುರಿಯನ್ನು ಎಬ್ಬಿಸಿದರು, ಹೊಟ್ಟೆ ಸವರಿ ನೋಡಿದರು, ಬೈಯಲಿಲ್ಲ. ಟಾಕಿಯ ಮೇಲೆ ಕೂತು ನಗುತ್ತಿದ್ದ ಮೊಮ್ಮಗಳನ್ನೇ ನೋಡುತ್ತ ನಿಂತರು.

ಮರುದಿನ ಬೆಳಿಗ್ಗೆ ಹಟ್ಟಿಯ ಮುಂದೆ ಕೂಸು ಮಣ್ಣಿನಲ್ಲಿ ಕಡ್ಡಿಯಿಂದ ಗೀರುತ್ತಿತ್ತು. ತಾಯಿಕುರಿಗಳು ಮೇಯಲು ಹೋಗಿದ್ದವು, ಮರಿಗಳು ಮಾತ್ರ ಗೂಡಿನಲ್ಲಿದ್ದವು. ಮಗ್ಗವಿಲ್ಲ, ಗಾಡಿಯಿಲ್ಲ, ನನಗೆ ಆ ನಿಶ್ಶಬ್ದಕ್ಕೇ ತಲೆನೋವು ಬಂದಿತ್ತು. ಅತ್ತೆ ಕೂಸಿನ ಬೆನ್ನ ಹಿಂದೆ ಬಂದು ನಿಂತು, ಕುರಿ ಕರೆಯುವ ಹಾಗೆ ನಾಲಿಗೆ ಮಡಿಸಿ ಕೂಗಿದರು. ಗೂಡಿನ ಮರಿಗಳೆಲ್ಲ ಒಮ್ಮೆಗೇ ತಲೆಯೆತ್ತಿದವು. ನನ್ನ ಮಗಳು ಮಣ್ಣು ಗೀರುತ್ತಲೇ ಇದ್ದಳು.

ಅತ್ತೆ ಇನ್ನೊಮ್ಮೆ ಕೂಗಿದರು. ಮರಿಗಳು ಇನ್ನೊಮ್ಮೆ ತಲೆಯೆತ್ತಿದವು.

"ತಂಗಿ, ಸಿಟ್ಟ ಮಾಡ್ಕೋಬ್ಯಾಡ. ಕೂಸಿಗೆ ಕೇಳ್ಸೂದಿಲ್ಲ" ಎಂದರು.

ನನಗೆ ಮೈಯೆಲ್ಲ ಉರಿಯಿತು. "ನಿಮ್ಮ ಬಾಯಾಗ ಒಳ್ಳೇ ಮಾತು ಬರೂದ ಇಲ್ಲೇನ್ರಿ ಅತ್ತಿ? ಅವರಪ್ಪನ ಫಟಫಟಿ ಓಣ್ಯಾಗ ತಿರಗಿದ್ರ ಸಾಕು, ಓಡಿ ಹೋಗಿ ಬಾಗಲದಾಗ ನಿಂದರ್ತಾಳ. ಕೇಳ್ಸದ ನಿಂದರ್ತಾಳೇನು?"

"ಆ ರಾಕ್ಷಸನ ಆವಾಜು ಕಲ್ಲಿಗೂ ಕೇಳ್ತೈತಿ. ಮೊದಲ ಅದರ ಬಾಯಿ ಮುಚ್ಚಸು. ಆಮ್ಯಾಲೂ ಕೂಸು ಬಾಗಲಕ್ಕ ಬಂದ್ರ ನಾ ನಿನ್ನ ಮುಂದ ಬಂದು ತಪ್ಪಾತು ಅಂತೀನಿ."

ತಿರುಗಿ ಬರುವ ದಾರಿಯಲ್ಲಿ ಇವರ ಕಿವಿಗೆ ಬಾಯಿ ಹಚ್ಚಿ ಎಲ್ಲ ಹೇಳಿದೆ. "ನನಗೂ ಕೇಳ್ಸೂದಿಲ್ಲ, ನಾ ಏನ್ ಸತ್ತೇನೇನು?" ಎಂದು ನಕ್ಕರು. ಆದರೆ ಮುಂದೆ ಕೂತ ಕೂಸನ್ನು ಒಂದು ಕೈಯಿಂದ ಎದೆಗೆ ಒತ್ತಿಕೊಂಡರು. ಅವತ್ತಿನಿಂದ ಕಿನ್ನರಿಯ ಗಾದೆ ನನ್ನ ಬಾಯಿಂದ ಹೊರಡಲಿಲ್ಲ.

ಊರಿಗೆ ಬಂದ ಮೇಲೆ ನನ್ನ ಕೈಕಾಲು ಒಂದು ಕಡೆ ನಿಲ್ಲದಾದವು. ರೊಟ್ಟಿ ಬಡಿಯುತ್ತ ಬಡಿಯುತ್ತ ಎದ್ದು ಹೋಗಿ ಕೂಸಿನ ಹಿಂದೆ ತಾಟು ಬೀಳಿಸುವುದು. ತಿರುಗದಿದ್ದರೆ ಅವಳ ಲಕ್ಷ್ಯ ಆಟದಲ್ಲಿದೆ ಎಂದುಕೊಳ್ಳುವುದು. ಒಮ್ಮೆ ಒನಕೆ ಬೀಳಿಸಿದೆ, ಗಕ್ಕನೆ ತಿರುಗಿದಳು! ಆ ದಿನ ಶಿರಾ ಮಾಡಿ ಮಾವಶಿಗೂ ಕೊಟ್ಟೆ. ಮರುದಿನ ಕೊಡ ಬಡಿದೆ, ತಿರುಗಲಿಲ್ಲ. ಮಾವಶಿ ಗೋಡೆಯಾಚೆಯಿಂದ "ಏನ್ ಭಾಂಡೆ ಬದಲಾಯಿಸಾಕತ್ತಿಯೇನ?" ಎಂದು ಕೇಳಿದಳು. ಹೌದು ಎಂದೆ. ಮತ್ತೆ ಸಂಜೆಯ ದಾರಿ ಕಾಯುವುದು. ಗಲ್ಲಿಯ ಆ ತುದಿಯಲ್ಲಿ ಗುಡುಗಿತೋ, ಕೂಸು ಬಾಗಿಲಿಗೆ ಹೋಯಿತೋ, ನನ್ನ ಎದೆ ತಣ್ಣಗಾಗುತ್ತಿತ್ತು. ತಣ್ಣಗಾದದ್ದು ಮರುದಿನ ಬೆಳಗಿನವರೆಗೂ ಉಳಿಯುತ್ತಿರಲಿಲ್ಲ.

ಓಣಿಯವರು ಕೂಡಿಕೊಂಡು ಬಂದದ್ದು ಅದೇ ಸುಮಾರಿಗೆ. ಬಂದವರೆಲ್ಲ ರಾತ್ರಿ ಪಾಳಿಯ ನೇಕಾರರು, ಹಗಲು ಮಲಗುವವರು. ಮಗ್ಗದ ಸದ್ದಿಗೆ ಅಂಥವರಿಗೆ ನಿದ್ದೆ ಬರುತ್ತದೆ. ಲೈಟು ಹೋಗಿ ಮಗ್ಗ ನಿಂತರೆ ಏನಾಯಿತು ಎಂದು ಎದ್ದು ಕೂರುವ ಜನ. ಅಂಥವರನ್ನೂ ನಮ್ಮ ಫಟಫಟಿ ಎಬ್ಬಿಸುತ್ತಿತ್ತು. "ಜಾಬರಣ್ಣಾ, ಮಧ್ಯಾಹ್ನ ಊಟಕ್ಕ ಬರೂ ಮುಂದ ಗಾಡಿ ನೂಕ್ಕೋತ ಬಾ, ಇಲ್ಲಾ ಅದರ ಸೊಲ್ಲು ಅಡಗಸು" ಎಂದು ಮರ್ಯಾದೆಯಿಂದಲೇ ಕೇಳಿದರು. ಇವರು ನಾಚಿಕೊಂಡು ಆಗಲಿ ಎಂದರು. ನಾನು ಮಾತ್ರ ಸೆರಗು ಸಿಕ್ಕಿಸಿಕೊಂಡು ನಿಂತು, ನಿಮ್ಮ ಮಗ್ಗದ ಗದ್ದಲವನ್ನು ನಾವು ಸಹಿಸುವುದಿಲ್ಲವೇ ಎಂದು ವಾದಕ್ಕಿಳಿದೆ. ಹಿಂದೆಲ್ಲ ಆ ಗಾಡಿಗೆ ಎಲ್ಲರಿಗಿಂತ ಹೆಚ್ಚು ಶಾಪ ಹಾಕಿದವಳು ಈಗ ಅದರ ವಕೀಲಳಾದದ್ದು ಯಾರಿಗೂ ಅರ್ಥವಾಗಲಿಲ್ಲ. ಇವರಿಗೆ ಅರ್ಥವಾಗಿತ್ತು. ಕಣ್ಣು ತಪ್ಪಿಸಿದರು.

ಮಾತು ಕೊಟ್ಟ ಮೇಲೆ ಏನಾದರೂ ಮಾಡಬೇಕಲ್ಲ. ಮಗ್ಗದವರ ತಲೆ ಮಗ್ಗದ ಕಡೆಗೇ ಓಡುತ್ತದೆ. ಕಾರಖಾನೆಯಿಂದ ಒಂದು ಚೀಲ ಹತ್ತಿಯ ದಾರದ ಚಿಂದಿ ತಂದು, ಹಾಸಿಗೆಗೆ ಅರಳೆ ತುಂಬಿದಂತೆ ಕೋಲಿನಿಂದ ಜಡಿದು ಜಡಿದು ಆ ನಳಿಗೆಗೆ ತುಂಬಿದರು. ಎಣ್ಣೆ ಬಳಿದ ಚಿಂದಿ ಬೇರೆ. ಗಾಡಿ ಚಾಲೂ ಮಾಡಿದರೆ ಮೊದಲು ಕೆಮ್ಮಿತು. ಆಮೇಲೆ ನಿಜವಾಗಿಯೂ ಸದ್ದು ಇಳಿಯಿತು. ನೆರೆದವರು ಶಾಬಾಸ್ ಎನ್ನುವಷ್ಟರಲ್ಲಿ ಕಪ್ಪು ಹೊಗೆ ಎದ್ದು, ಢಂ ಎಂದು ಉರಿಯುವ ಚಿಂದಿಯ ಮುದ್ದೆ ಹಾರಿ ಮಾವಶಿಯ ಹೊರಸಿನ ಮೇಲೆ ಬಿತ್ತು. ಅಂದು ಸುಟ್ಟ ಶಾವಿಗೆಯ ವಿಷಯವನ್ನು ಆಕೆ ಬದುಕಿರುವವರೆಗೂ ಬಿಡಲಿಲ್ಲ. ಎಲ್ಲರೂ ಕೊಡ ಹಿಡಿದು ಓಡಾಡುತ್ತಿದ್ದರೆ ನನಗೆ ಒಳಗೊಳಗೇ ಸಂತೋಷವಾಯಿತು. ಗಾಡಿಯ ಬಾಯಿ ಮುಚ್ಚಲಿಲ್ಲ, ನನ್ನ ಸಾಕ್ಷಿ ನನ್ನ ಹತ್ತಿರವೇ ಉಳಿಯಿತು.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ನೂಲು ಸುತ್ತಿದ ದೊಡ್ಡ ಬೀಮುಗಳನ್ನು ಗಲ್ಲಿಯೊಳಗೆ ಕೈಗಾಡಿಯಲ್ಲಿ ಸಾಗಿಸುತ್ತಾರೆ. ಇಳಿಜಾರಿನಲ್ಲಿ ಗಾಡಿ ಕೈಗೆ ನಿಲ್ಲುವುದಿಲ್ಲ, ನೂಕುವವರು "ಬಾಜೂ! ಬಾಜೂ!" ಎಂದು ಕೂಗುತ್ತಲೇ ಬರುತ್ತಾರೆ. ಹಾಗೆ ಕೂಗುತ್ತ ಬಂದ ಒಂದು ಗಾಡಿಗೆ ಗಲ್ಲಿಯ ಮಕ್ಕಳೆಲ್ಲ ಗುಬ್ಬಿಗಳಂತೆ ಎರಡೂ ಕಡೆಗೆ ಹಾರಿದರು. ನಡುವೆ ನನ್ನ ಮಗಳೊಬ್ಬಳೇ ಗಾಡಿಗೆ ಬೆನ್ನು ಮಾಡಿ ಕೂತು, ಖಾಲಿ ಕಂಡಿಕೆಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದಳು. ನಾನು ಹೇಗೆ ಓಡಿದೆನೋ, ತೋಳು ಹಿಡಿದು ಹೇಗೆ ಎಳೆದೆನೋ. ಗಾಡಿಯ ಚಕ್ರ ಕಂಡಿಕೆಗಳ ಮೇಲೆ ಹಾದುಹೋಯಿತು. ಕೂಸು ಅತ್ತದ್ದು ತೋಳಿನ ನೋವಿಗೆ ಮತ್ತು ಮುರಿದ ಕಂಡಿಕೆಗಳಿಗೆ. ನಾನು ಅವಳನ್ನು ಹೊಡೆದೆ, ಆಮೇಲೆ ಅಪ್ಪಿಕೊಂಡೆ, ಮತ್ತೆ ಹೊಡೆದೆ.

ಇವರು ಬಂದೊಡನೆ ಹೇಳಿದೆ: "ಕೊಲ್ಲಾಪುರಕ್ಕ ಹೋಗೂಣ್ರಿ. ಅದರ ಬಾಯಿ ಮುಚ್ಚಸೂಣು. ನನಗ ತಿಳೀಬೇಕು."

"ಮಗ್ಗದ ಸೂಟಿ ಇದ್ದ ದಿನ ಹೋಗೂಣು" ಎಂದರು. "ಮಗ್ಗದ ಗದ್ದಲದಾಗ ತಿಳೀಲಿಲ್ಲ ಅಂತ ಮತ್ತ ನಾವ ಹೇಳಬಾರದು." ಅವರೂ ನನ್ನಷ್ಟೇ ಹೆದರಿದ್ದರು ಎಂದು ನನಗೆ ಗೊತ್ತಾದದ್ದು ಆಗ.

ಕೂಸನ್ನು ಮಾವಶಿಯ ಹತ್ತಿರ ಬಿಟ್ಟು ಹೋದೆವು. ಹಾತಕಣಂಗಲೆ ದಾಟುವ ತನಕ ನನ್ನ ಮನಸ್ಸು ಎರಡು ಕಡೆ ಎಳೆಯುತ್ತಿತ್ತು. ಗಾಡಿ ಕೆಟ್ಟು ನಿಂತರೆ ಒಳ್ಳೆಯದು ಎನಿಸುತ್ತಿತ್ತು, ಬೇಗ ಹೋಗಬಾರದೇ ಎಂದೂ ಎನಿಸುತ್ತಿತ್ತು. ಆ ಮಿಸ್ತ್ರಿ ನಮ್ಮ ಮಾತು ಕೇಳಿ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ. "ಕಾಯ್ ವಹಿನೀ, ವಾಘಾಚೀ ಮಾಂಜರ್ ಕರಾಯ್ಚೀ?" ಎಂದ. ಹುಲಿಯನ್ನು ಬೆಕ್ಕು ಮಾಡಬೇಕೇ ಎಂದು ಅವನ ದುಃಖ. ಜನ ತನ್ನಲ್ಲಿಗೆ ಬಾಯಿ ಬಿಡಿಸಲು ಬರುತ್ತಾರೆ, ಮುಚ್ಚಿಸಲು ಬಂದವರು ನೀವೇ ಮೊದಲು ಎಂದ. ಇವರು ಕುರಿಯ ಕತೆ ಹೇಳಿದರು, ನೇಕಾರರ ಕತೆ ಹೇಳಿದರು. ಕೂಸಿನ ಕತೆ ಹೇಳಲಿಲ್ಲ.

ಮುಖ ಗಂಟಿಕ್ಕಿಕೊಂಡೇ ಕೆಲಸ ಹಿಡಿದ. ನಳಿಗೆಯ ಹಿಂಬದಿ ಕೊಯ್ದ. ಒಳಗೆ ಇನ್ನೂ ಕರಕಲಾಗಿ ಅಂಟಿದ್ದ ಚಿಂದಿ ನೋಡಿ ಇವರತ್ತ ಒಂದು ನೋಟ ಬೀರಿದ. ಮೈತುಂಬ ತೂತು ಕೊರೆದ ಸಣ್ಣ ಕೊಳವೆಯೊಂದನ್ನು ಒಳಗಿಟ್ಟು, ಅದರ ಸುತ್ತ ಬೆಂಕಿಗೆ ಸುಡದ ಹಗ್ಗ ಬಿಗಿದು, ಬಾಯಿಗೆ ಸಣ್ಣ ರಂಧ್ರದ ಮುಚ್ಚಳ ಬೆಸೆದ. ನಾನು ಅಂಗಡಿಯ ಕಟ್ಟೆಯಲ್ಲಿ ಕೂತೆ, ಎದ್ದೆ, ಬೀದಿಯ ತುದಿಗೆ ಹೋಗಿ ಬಂದೆ. ಯಾರೋ ಕೊಟ್ಟ ಚಹಾ ಆರಿ ಕೆನೆಗಟ್ಟಿತು.

ಗಾಡಿ ಒದ್ದರು. ಪುಟ್ ಪುಟ್ ಪುಟ್ ಎಂದಿತು, ಮುದುಕರು ಎಲೆ ಅಗಿದ ಹಾಗೆ. ಇವರು ಮತ್ತೆ ಒದೆಯಲು ಕಾಲೆತ್ತಿದರು.

"ಚಾಲೂ ಐತ್ರಿ!" ಎಂದು ನಾನು ಮುಷ್ಟಿ ತಿರುಗಿಸಿ ತೋರಿಸಿದೆ.

ಇವರು ನಂಬದೆ ಟಾಕಿಯ ಮೇಲೆ ಅಂಗೈ ಇಟ್ಟರು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು, "ಹೌದು, ಐತಿ" ಎಂದರು. ದಾರಿಯಲ್ಲಿ ಗಾಡಿ ನಿಧಾನವಾದಾಗಲೆಲ್ಲ ಆ ಕೈ ಟಾಕಿಯ ಮೇಲೆ ಹೋಗುತ್ತಿತ್ತು.

ಇಚಲಕರಂಜಿಯಲ್ಲಿ ಮಗ್ಗಗಳೆಲ್ಲ ನಿಂತಿದ್ದವು. ನಾನು ದೊಡ್ಡ ರಸ್ತೆಯಲ್ಲೇ ಇಳಿದು, ಹಿತ್ತಲ ದಾರಿಯಿಂದ ಮನೆಯೊಳಗೆ ಬಂದೆ. ಬೀದಿ ಬಾಗಿಲು ಮುಚ್ಚಿತ್ತು. ಅದು ತಗಡಿನ ಬಾಗಿಲು, ತೆಳ್ಳಗಿನ ಪತ್ರಾ. ಮಾವಶಿ ಪಡಸಾಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕೂಸು ಬಾಗಿಲಿಗೆ ಬೆನ್ನು ಹಚ್ಚಿ ಕೂತು ಕಂಡಿಕೆ ನಿಲ್ಲಿಸುತ್ತಿದ್ದಳು. ಅವಳ ಮುಖ ಕಂಡಿಕೆಗಳ ಮೇಲೆಯೇ ಇತ್ತು, ಅಡಿಗೆಮನೆಯಿಂದ ಬಂದ ನನ್ನನ್ನು ನೋಡಲಿಲ್ಲ. ನಾನು ಕಂಬ ಹಿಡಿದು ನಿಂತೆ.

ಗಲ್ಲಿಯ ತುದಿಯಲ್ಲಿ ಪುಟ್ ಪುಟ್ ಶುರುವಾಯಿತು. ಮಾವಶಿ ಬೆಳ್ಳುಳ್ಳಿ ಬಿಟ್ಟು ತಲೆಯೆತ್ತಿ, "ಆಲಾ ಗ ತುಝಾ ಬಾಪ್, ಅಪ್ಪ ಬಂದಾನ ನೋಡ" ಎಂದಳು. ಹೊರಗೆ ನಾಯಿ ಒಮ್ಮೆ ಸುಮ್ಮನೆ ಬೊಗಳಿತು. ಸದ್ದು ಹತ್ತಿರ ಬಂತು, ಬಾಗಿಲ ಮುಂದೆಯೇ ನಿಂತಿತು, ನಿಂತು ಪುಟಗುಟ್ಟುತ್ತಲೇ ಇತ್ತು.

ತಿರುಗು, ನನ್ನವ್ವಾ, ಒಮ್ಮೆ ತಿರುಗು ಎಂದು ಕಂಬವನ್ನು ಉಗುರಿನಿಂದ ಕೆರೆದೆ. ಕೂಸು ಇನ್ನೊಂದು ಕಂಡಿಕೆ ನಿಲ್ಲಿಸಿದಳು.

ಅತ್ತೆ ಗೆದ್ದಿದ್ದರು. ಮುಂದೆ ಕೊಲ್ಲಾಪುರದ ಡಾಕ್ಟರರು ಕಿವಿಯೊಳಗೆ ದೀಪ ಬಿಟ್ಟು ನೋಡಿ ಹೇಳಿದ್ದೂ ಅದನ್ನೇ. ನನಗೆ ಆ ಕ್ಷಣದಲ್ಲಿ ಅತ್ತೆಯ ಮೇಲೆ, ಮಿಸ್ತ್ರಿಯ ಮೇಲೆ, ಹೊರಗೆ ನಿಂತ ಗಂಡನ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. ಆ ನಳಿಗೆಯನ್ನು ಒಡೆದು ಮತ್ತೆ ಗುಡುಗಿಸಿಬಿಡಬೇಕು ಅನಿಸಿತು. ಆಮೇಲೆ ಕಂಬ ಬಿಟ್ಟು ಅಲ್ಲೇ ಕೂತೆ.

ಇವರು ಬಾಗಿಲು ನೂಕಿದರು. ಬೆನ್ನಿಗೆ ತಗಡು ತಾಗಿದಾಗ ಕೂಸು ಎದ್ದು ತಿರುಗಿತು. ಅಪ್ಪನನ್ನು ನೋಡಿತು, ಹೊರಗೆ ನಿಂತ ಗಾಡಿಯನ್ನು ನೋಡಿತು. ನಗಲಿಲ್ಲ. ಎಂದಿನ ಹಾಗೆ ಅಪ್ಪನ ಕಾಲು ಹಿಡಿಯಲೂ ಇಲ್ಲ. ಬಾಗಿಲಿನ ತಗಡಿಗೆ ಅಂಗೈ ಹಚ್ಚಿ, ಒತ್ತಿ, ಏನೋ ಕಳೆದುಕೊಂಡವಳಂತೆ ಹುಬ್ಬು ಗಂಟಿಕ್ಕಿದಳು. ದಿನಾಲೂ ಆ ಗುಡುಗಿಗೆ ನೆಲ ಅದುರಿ ತಗಡೆಲ್ಲ ನಡುಗುತ್ತಿದ್ದುದು, ಅವಳು ದಿನಾಲೂ ಅದನ್ನು ಹಿಡಿದು ನಿಲ್ಲುತ್ತಿದ್ದುದು ನನ್ನ ಕಣ್ಣೆದುರಿಗೇ ಇತ್ತು. ಈಗ ಕಾಣಿಸಿತು.

ಕೂಸು ಅಪ್ಪನ ಕಡೆ ತಿರುಗಿ, ಅದೇ ಅಂಗೈಯನ್ನು ಗಾಳಿಯಲ್ಲಿ ಚಪ್ಪಟೆ ಮಾಡಿ ಕೆಳಕ್ಕೆ ಒತ್ತಿದಳು.

ಬಂದ್?

ಕೇಳಿದಳು. ಹುಬ್ಬು ಎತ್ತಿ, ಉತ್ತರಕ್ಕೆ ಕಾದು ನಿಂತು, ಕಾರಖಾನೆಯ ಯಾವುದೇ ನೇಕಾರ ಕೇಳುವ ಹಾಗೆ ಕೇಳಿದಳು. ಮಾತು ಬಂದಿಲ್ಲ, ಬಂದಿಲ್ಲ ಎಂದು ನಾನು ಊರೆಲ್ಲ ಸಾರಿದ ಕೂಸು.

ಇವರು ನನ್ನ ಮುಖ ನೋಡಿದರು. ಹೊಸಿಲ ಮೇಲಿಂದಲೇ ತುಟಿಯಲ್ಲಿ ಮಾತ್ರ, "ಕೇಳ್ಸಲಿಲ್ಲ?" ಎಂದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ಮಗಳನ್ನು ಎತ್ತಿಕೊಂಡು ಹೊರಗೆ ಹೋದರು. ಇನ್ನೂ ಪುಟಗುಟ್ಟುತ್ತಿದ್ದ ಗಾಡಿಯ ಟಾಕಿಯ ಮೇಲೆ ಅವಳ ಅಂಗೈ ಇಟ್ಟು, ಅದರ ಪಕ್ಕಕ್ಕೆ ತಮ್ಮ ಅಂಗೈಯನ್ನೂ ಇಟ್ಟರು. ಕಿವಿ ಕೇಳದ ಅಪ್ಪ, ಕಿವಿ ಕೇಳದ ಮಗಳು, ಬಾಯಿ ಮುಚ್ಚಿದ ಫಟಫಟಿ. ನಾನು ಬಾಗಿಲಿಗೆ ಬಂದು ನಿಂತು ಅಳುತ್ತಿದ್ದೆ.

ಕೂಸಿನ ಹುಬ್ಬುಗಳು ಬಿಚ್ಚಿಕೊಂಡವು. ಅಪ್ಪನ ಹೆಗಲ ಮೇಲಿಂದ ನನ್ನನ್ನು ಹುಡುಕಿ ನೋಡಿ, ನನಗೆ ಗೊತ್ತಿಲ್ಲವೇನೋ ಎಂಬಂತೆ, ಸಣ್ಣ ಮುಷ್ಟಿ ಕಟ್ಟಿ ಗಾಳಿಯಲ್ಲಿ ಗರಗರ ತಿರುಗಿಸಿ ತೋರಿಸಿದಳು.